ರಾತ್ರಿಯಿಡೀ ಓಡುವ ಕಂಪ್ಯೂಟರಿಗೆ ಬ್ಯಾಟರಿಯ ಕಾವಲು

ನಮ್ಮದು ಚಳ್ಳಕೆರೆ ಕಡೆಯ ಹಳ್ಳಿ. ಆರು ಎಕರೆ ಖುಷ್ಕಿ ಹೊಲ. ಶೇಂಗಾ, ಅದರ ನಡುವೆ ತೊಗರಿಯ ಅಕ್ಕಡಿ, ಒಂದಿಷ್ಟು ಸಜ್ಜೆ. ನಾನು ಓದಿದ್ದು ಏಳನೇ ಕ್ಲಾಸು. ಕಂಪ್ಯೂಟರಿನ ಬಗ್ಗೆ ಇವನೇನು ಬರೀತಾನೆ ಅಂತ ನೀವು ಕೇಳಬಹುದು. ಕಂಪ್ಯೂಟರ್ ನಡೆಸೋಕೆ ನನಗೆ ಇವತ್ತಿಗೂ ಬರಲ್ಲ. ಆದರೆ ಅದು ನಡುರಾತ್ರಿ ಯಾಕೆ ಸಾಯುತ್ತೆ, ಸಾಯದ ಹಾಗೆ ಹೇಗೆ ನೋಡಿಕೊಳ್ಳಬೇಕು ಅನ್ನೋದನ್ನು ದುಡ್ಡು ಕೊಟ್ಟು ಕಲಿತಿದ್ದೇನೆ. ನೀವೂ ಅದಕ್ಕೆ ದುಡ್ಡು ಕೊಡೋದು ಬೇಡ ಅಂತ ಈ ಬರಹ.

ನನ್ನ ಮಗ ಬೆಂಗಳೂರಿನಲ್ಲಿ ನಾಲ್ಕು ವರ್ಷ ವಿಡಿಯೋ ಎಡಿಟಿಂಗ್ ಕೆಲಸ ಮಾಡಿದವನು. 2021ರ ಲಾಕ್‌ಡೌನಿನಲ್ಲಿ ಊರಿಗೆ ಬಂದವನು ಇಲ್ಲೇ ನಿಂತ. ತಾಲ್ಲೂಕು ಕೇಂದ್ರದ ಸ್ಟುಡಿಯೋದವರು ಮದುವೆಯಲ್ಲಿ ತೆಗೆದ ವಿಡಿಯೋ ತಂದುಕೊಡುತ್ತಾರೆ. ಇವನು ಮನೆಯಲ್ಲೇ ಕೂತು ಬೇಡದ್ದನ್ನು ತೆಗೆದು, ಹಾಡು ಸೇರಿಸಿ, ಒಂದು ಪಿಚ್ಚರಿನ ಹಾಗೆ ಮಾಡಿಕೊಡುತ್ತಾನೆ. ಮದುವೆ ಕಾಲದಲ್ಲಿ ಕೈತುಂಬ ಕೆಲಸ. ಹಗಲು ಹೊತ್ತು ನನ್ನ ಜೊತೆ ಹೊಲಕ್ಕೂ ಬರುತ್ತಾನೆ. ಮಗ ಊರಲ್ಲಿ ಉಳಿದ ಅನ್ನೋದೇ ನಮಗೆ ಒಂದು ಬೆಳೆ ಕೈಗೆ ಬಂದಷ್ಟು ಸಮಾಧಾನ.

ಈ ಕೆಲಸದಲ್ಲಿ ಕೊನೆಯ ಹಂತ ಒಂದಿದೆ. ಸಾವಿರಾರು ತುಂಡುಗಳನ್ನೆಲ್ಲ ಬೆಸೆದು ಒಂದೇ ಫೈಲು ಮಾಡಬೇಕು. ಅದಕ್ಕೆ ರೆಂಡರ್ ಅಂತಾರೆ. ಮೂರು ಗಂಟೆಯ ಮದುವೆಯಾದರೆ ನಮ್ಮ ಕಂಪ್ಯೂಟರಿಗೆ ಎಂಟು ಒಂಬತ್ತು ಗಂಟೆ ಬೇಕು. ರಾತ್ರಿ ಊಟ ಮಾಡಿ ಶುರು ಹಚ್ಚಿ ಮಲಗಿದರೆ ಬೆಳಿಗ್ಗೆ ಸಿದ್ಧ. ನಡುವೆ ನಿಂತರೆ ಅಲ್ಲಿವರೆಗೆ ಆದದ್ದೂ ದಂಡ. ಮುದ್ದೆ ಅರ್ಧ ಬೆಂದಾಗ ಒಲೆ ಆರಿದ ಹಾಗೆ. ಮತ್ತೆ ಬೆಂಕಿ ಹಚ್ಚಿದರೆ ಮುದ್ದೆ ಆಗಲ್ಲ, ಗಂಟಾಗುತ್ತೆ. ಹೊಸದಾಗಿ ಎಸರು ಇಡಬೇಕು.

ಮೂರು ರಾತ್ರಿಯ ದಂಡ

2023ರ ಮೇ ತಿಂಗಳು. ಮದುವೆಗಳ ಭರಾಟೆ, ಜೊತೆಗೆ ಮುಂಗಾರು ಪೂರ್ವದ ಗಾಳಿ ಗುಡುಗು. ಮೊದಲನೇ ರಾತ್ರಿ ಎರಡು ಗಂಟೆಗೆ ಲೈಟು ಒಮ್ಮೆ ಮಿಣುಕಿತು, ಅಷ್ಟೇ. ಫ್ಯಾನು ನಿಲ್ಲಲೇ ಇಲ್ಲ. ಆದರೆ ಬೆಳಿಗ್ಗೆ ನೋಡಿದರೆ ಕಂಪ್ಯೂಟರ್ ಆಫ್ ಆಗಿ ಮತ್ತೆ ಹೊಸದಾಗಿ ಆನ್ ಆಗಿ ಕೂತಿತ್ತು. ಎರಡನೇ ರಾತ್ರಿಯೂ ಹಾಗೇ. ಮೂರನೇ ರಾತ್ರಿ ನಾಲ್ಕೂವರೆಗೆ, ಇನ್ನೇನು ಮುಗಿಯಿತು ಅನ್ನುವಾಗ, ಎರಡು ಸಲ ಬೆನ್ನು ಬೆನ್ನಿಗೆ ಮಿಣುಕಿತು. ಆವತ್ತು ಕಂಪ್ಯೂಟರ್ ಏಳಲೇ ಇಲ್ಲ. ಒಳಗಿನ ಹಾರ್ಡ್ ಡಿಸ್ಕಿನಲ್ಲಿ ಬರೆಯುತ್ತಿದ್ದ ಹೊತ್ತಿಗೇ ಕರೆಂಟು ತಪ್ಪಿ ಅದರ ಲೆಕ್ಕವೇ ಕೆಟ್ಟುಹೋಗಿತ್ತು.

ಆ ಡಿಸ್ಕಿನಲ್ಲಿ ಪಕ್ಕದ ಊರಿನ ಒಂದು ಮದುವೆ ಇತ್ತು. ಸ್ಟುಡಿಯೋದವರು ಕ್ಯಾಮೆರಾ ಕಾರ್ಡನ್ನು ಆಗಲೇ ಅಳಿಸಿ ಬೇರೆ ಮದುವೆಗೆ ಒಯ್ದಿದ್ದರು. ಡಿಸ್ಕನ್ನು ಬೆಂಗಳೂರಿಗೆ ಕಳಿಸಿ 11 ಸಾವಿರ ಕೊಟ್ಟು ತೆಗೆಸಿದೆವು. ಮುಕ್ಕಾಲು ಪಾಲು ಸಿಕ್ಕಿತು. ಸಿಗದೇ ಹೋದ ಕಾಲು ಪಾಲಿನಲ್ಲಿ ಮದುವೆ ಹುಡುಗಿಯ ಅಜ್ಜಿ ಅಕ್ಷತೆ ಹಾಕಿದ್ದು ಇತ್ತು. ಮದುವೆಯಾಗಿ ಹದಿನೈದು ದಿನಕ್ಕೆ ಆ ಅಜ್ಜಿ ತೀರಿಕೊಂಡಿದ್ದರು. ಹುಡುಗಿಯ ತಂದೆ ನಮ್ಮನೆಗೆ ಬಂದು, ಬೈಯಲಿಲ್ಲ, ‘ಅವ್ವನ್ನ ಒಂದ್ಸಲ ನೋಡಬೇಕಿತ್ತು’ ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಆ ರಾತ್ರಿ ಮಗ ಹೇಳಿದ: ‘ಅಪ್ಪಾ, ನಾನು ವಾಪಸ್ ಬೆಂಗಳೂರಿಗೆ ಹೋಗ್ತೀನಿ. ಇಲ್ಲಿ ಕರೆಂಟ್ ನಂಬ್ಕೊಂಡು ಬದುಕಾಕಾಗಲ್ಲ.’

‘ಮಳೆ ನಂಬ್ಕೊಂಡು ನಾನು ಇಷ್ಟು ವರ್ಷ ಬದುಕಿಲ್ವೇನಪ್ಪಾ? ತಡಿ, ನೋಡಾಣ’ ಅಂದೆ. ಅಂದೆನೇ ಹೊರತು ಏನು ನೋಡಬೇಕು ಅಂತ ನನಗೂ ಗೊತ್ತಿರಲಿಲ್ಲ.

ಇನ್ವರ್ಟರ್ ಇದ್ದೂ ಯಾಕೆ ಹೀಗೆ?

ನನ್ನನ್ನು ಕೊರೆಯುತ್ತಿದ್ದುದು ಇದೇ ಪ್ರಶ್ನೆ. ನಮ್ಮನೆಯಲ್ಲಿ 2019ರಿಂದ ಇನ್ವರ್ಟರ್ ಇದೆ. 900 ವಿಎ ಮಿಷನ್ನು, 150 ಎಎಚ್ ಟ್ಯೂಬುಲರ್ ಬ್ಯಾಟರಿ. ಬ್ಯಾಟರಿ ತುಂಬಿತ್ತು, ಫ್ಯಾನು ತಿರುಗುತ್ತಲೇ ಇತ್ತು. ಮತ್ತೆ ಕಂಪ್ಯೂಟರ್ ಮಾತ್ರ ಯಾಕೆ ಸತ್ತಿತು?

ತಾಲ್ಲೂಕು ಕೇಂದ್ರದಲ್ಲಿ ಸ್ಟೆಬಿಲೈಸರ್, ಇನ್ವರ್ಟರ್ ರಿಪೇರಿ ಮಾಡುವವರೊಬ್ಬರಿದ್ದಾರೆ. ಅವರ ಬಳಿ ಹೋದೆ. ‘ಯಜಮಾನ್ರೇ, ಕಂಪ್ಯೂಟ್ರು ಕರೆಂಟ್ ಇಲ್ದೆ ಸತ್ತಿಲ್ಲ. ಲೈನಿಂದ ಬ್ಯಾಟರಿಗೆ ಬದಲಾಗೋ ಸಂದಿನಲ್ಲಿ ಸತ್ತೈತೆ’ ಅಂದರು. ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು.

ನಮ್ಮ ಲೈನಿನ ಕರೆಂಟು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಅಂದರೆ ಒಂದು ಏರಿಳಿತಕ್ಕೆ 20 ಮಿಲಿಸೆಕೆಂಡು, ಸೆಕೆಂಡಿನ ಐವತ್ತನೇ ಒಂದು ಭಾಗ. ಕಂಪ್ಯೂಟರಿನ ಒಳಗೆ ಕರೆಂಟು ಹಂಚುವ ಒಂದು ಡಬ್ಬಿ ಇದೆ. ಲೈನು ತಪ್ಪಿದರೆ ಅದು ತನ್ನಲ್ಲಿರುವ ಚೂರುಪಾರಲ್ಲಿ ಕಂಪ್ಯೂಟರನ್ನು ಹಿಡಿದಿಟ್ಟುಕೊಳ್ಳೋದು, ಪೂರ್ತಿ ಕೆಲಸ ಇರುವಾಗ, ಸುಮಾರು 16–17 ಮಿಲಿಸೆಕೆಂಡು ಮಾತ್ರ. ಅಷ್ಟರೊಳಗೆ ಬೇರೆ ಕಡೆಯಿಂದ ಕರೆಂಟು ಬಂದರೆ ಸರಿ, ಇಲ್ಲಾಂದ್ರೆ ಆಫ್. ಮನೆಯ ಇನ್ವರ್ಟರ್ ಸಾಮಾನ್ಯ ಸ್ಥಿತಿಯಲ್ಲಿ ಬ್ಯಾಟರಿಗೆ ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಫ್ಯಾನು ತನ್ನ ಓಟದಲ್ಲೇ ಆ ಸಂದು ದಾಟುತ್ತೆ, ಬಲ್ಬು ಮಿಣುಕಿ ಉಳಿಯುತ್ತೆ. ಕಂಪ್ಯೂಟರ್ ಮಾತ್ರ ದಾಟಲಾರದು.

ಹಿಂದಿನ ಸ್ವಿಚ್ಚು, ಅದರ ಇನ್ನೊಂದು ಮುಖ

ತುಂಬಾ ಇನ್ವರ್ಟರುಗಳ ಹಿಂದೆ ಒಂದು ಸಣ್ಣ ಸ್ವಿಚ್ಚಿರುತ್ತೆ. ಒಂದು ಕಡೆ ನಾರ್ಮಲ್ ಅಥವಾ ಇಕೋ, ಇನ್ನೊಂದು ಕಡೆ ಯುಪಿಎಸ್ ಅಂತ ಬರೆದಿರುತ್ತೆ. ನಾಲ್ಕು ವರ್ಷದಿಂದ ಮನೆಯಲ್ಲೇ ಇದ್ದರೂ ನಾವು ಅದನ್ನು ನೋಡಿಯೇ ಇರಲಿಲ್ಲ. ಯುಪಿಎಸ್ ಕಡೆಗೆ ಹಾಕಿದರೆ ಅದು ಬೇಗ ಬದಲಾಗುತ್ತೆ, ಕಂಪ್ಯೂಟರ್ ಉಳಿಯುತ್ತೆ. ಹಾಗೇ ಮಾಡಿದೆವು. ನಾಲ್ಕು ದಿನ ಸೊಗಸಾಗಿ ನಡೆಯಿತು.

ಐದನೇ ದಿನ ಸಂಜೆ ಊರಲ್ಲಿ ಕರೆಂಟು ಇದ್ದರೂ ಇನ್ವರ್ಟರ್ ಬ್ಯಾಟರಿಯ ಮೇಲೆ ಓಡುತ್ತಿತ್ತು. ಕಾರಣ ಏನಂದ್ರೆ, ಯುಪಿಎಸ್ ಕಡೆ ಇಟ್ಟಾಗ ಅದು ಸುಮಾರು 180ರಿಂದ 260 ವೋಲ್ಟ್ ಒಳಗಿನ ಕರೆಂಟನ್ನು ಮಾತ್ರ ಒಪ್ಪುತ್ತದೆ. ನಾರ್ಮಲ್ ಕಡೆ ಇದ್ದರೆ ಸುಮಾರು 100ರಿಂದ 290ರ ತನಕ ಸುಧಾರಿಸಿಕೊಳ್ಳುತ್ತದೆ. ನಮ್ಮಲ್ಲಿ ಸಂಜೆ ಹೊತ್ತು ವೋಲ್ಟೇಜು 170ಕ್ಕೆ ಇಳಿಯೋದು ಮಾಮೂಲು. ಸಂಜೆಯೆಲ್ಲ ಬ್ಯಾಟರಿ ತಿಂದು, ನಡುರಾತ್ರಿ ನಿಜವಾಗಿ ಕರೆಂಟು ಹೋದಾಗ ಬ್ಯಾಟರಿ ಬರಿದು. ಹೊಂಡದ ನೀರನ್ನು ಹಸಿ ಇರುವಾಗಲೇ ಬಿಟ್ಟು, ಬೆಳೆ ಬಾಡುವಾಗ ತಳ ನೋಡಿದ ಹಾಗಾಯಿತು.

ನಿಮ್ಮೂರಲ್ಲಿ ವೋಲ್ಟೇಜು ಗಟ್ಟಿಯಾಗಿದ್ದರೆ ಆ ಸ್ವಿಚ್ಚೊಂದೇ ಸಾಕು, ಪೈಸೆ ಖರ್ಚಿಲ್ಲ. ನಮ್ಮಂಥ ಊರಿಗೆ ಸಾಲದು.

ಮನೆಗೆ ತೊಟ್ಟಿ, ಕೈಗೆ ಬಿಂದಿಗೆ

ಕೊನೆಗೆ ನಿಂತ ಉಪಾಯ ಇದು. ಕಂಪ್ಯೂಟರಿಗೆಂದೇ ಒಂದು ಸಣ್ಣ ಯುಪಿಎಸ್ ತಂದೆವು. ಗೋಡೆಯ ಪ್ಲಗ್ಗಿನಿಂದ ಯುಪಿಎಸ್ಸಿಗೆ, ಯುಪಿಎಸ್ಸಿನಿಂದ ಕಂಪ್ಯೂಟರಿಗೆ. ಗೋಡೆಯ ಪ್ಲಗ್ಗು ಇನ್ವರ್ಟರಿನ ಲೈನಿನದೇ. ಇನ್ವರ್ಟರನ್ನು ಮತ್ತೆ ನಾರ್ಮಲ್‌ಗೆ ಹಾಕಿದೆವು.

ಇನ್ವರ್ಟರ್ ಅಂದರೆ ಮನೆಯ ತೊಟ್ಟಿ. ಗಂಟೆಗಟ್ಟಲೆ ಬರುತ್ತೆ, ಆದರೆ ನಲ್ಲಿ ನಿಂತ ಕೂಡಲೇ ಅಲ್ಲಿಂದ ತರೋದು ತುಸು ತಡ. ಯುಪಿಎಸ್ ಅಂದರೆ ಕೈಗೆಟಕುವ ಬಿಂದಿಗೆ. ಹೆಚ್ಚು ಹೊತ್ತು ಬರಲ್ಲ, ಆದರೆ ಬಾಯಾರಿದ ಕ್ಷಣಕ್ಕೆ ಸಿಗುತ್ತೆ. ಲೈನು ತಪ್ಪಿದ ಕ್ಷಣ ಯುಪಿಎಸ್ ಹಿಡಿದುಕೊಳ್ಳುತ್ತೆ. ಅಷ್ಟರಲ್ಲಿ ಇನ್ವರ್ಟರ್ ಎದ್ದು ಕೂರುತ್ತೆ. ಆಮೇಲೆ ಗಂಟೆಗಳ ಕೆಲಸ ಅದರದ್ದು. ಒಂದೇ ಇದ್ದರೆ ಸಾಲದು, ಎರಡೂ ಸೇರಿದರೆ ಸಂಸಾರ.

ಒಂದು ಎಚ್ಚರಿಕೆ. ಇನ್ವರ್ಟರ್ ಸೈನ್ ವೇವ್ ಜಾತಿಯದಾಗಿರಬೇಕು. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿನ ಕರೆಂಟನ್ನು ಕೆಲವು ಯುಪಿಎಸ್‌ಗಳು ಕೆಟ್ಟ ಕರೆಂಟು ಅಂತ ತಿಳಿದು ಒಪ್ಪುವುದಿಲ್ಲ. ಟಕಟಕ ಅನ್ನುತ್ತಾ ತನ್ನ ಬ್ಯಾಟರಿಯನ್ನೇ ಖಾಲಿ ಮಾಡಿಕೊಳ್ಳುತ್ತವೆ.

ಎಷ್ಟು ದೊಡ್ಡದು ಬೇಕು?

ಅಂಗಡಿಗೆ ಹೋಗುವ ಮೊದಲು ನಮ್ಮ ಕಂಪ್ಯೂಟರ್ ಎಷ್ಟು ವ್ಯಾಟ್ ತಿನ್ನುತ್ತೆ ಗೊತ್ತಿರಬೇಕು. ಇದಕ್ಕೆ ಮನೆಯ ಮೀಟರೇ ಸಾಕು. ಈಗಿನ ಮೀಟರುಗಳಲ್ಲಿ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ. ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಅಂತ ಮೀಟರಿನ ಮೇಲೆ ಬರೆದಿರುತ್ತೆ. ನಮ್ಮದರಲ್ಲಿ 3200. ಮನೆಯ ಬೇರೆಲ್ಲವನ್ನೂ, ಇನ್ವರ್ಟರನ್ನೂ ಆಫ್ ಮಾಡಿ, ಕಂಪ್ಯೂಟರನ್ನು ನೇರ ಲೈನಿಗೆ ಕೊಟ್ಟು ರೆಂಡರ್ ಹಚ್ಚಿದೆವು. ನಾನು ಮೀಟರ್ ಮುಂದೆ ನಿಂತೆ, ಮಗ ಗಡಿಯಾರ ಹಿಡಿದ. ಒಂದು ನಿಮಿಷಕ್ಕೆ 13 ಮಿಣುಕು.

ಲೆಕ್ಕ ಹೀಗೆ: 13ನ್ನು 60ರಿಂದ ಗುಣಿಸಿದರೆ ಗಂಟೆಗೆ 780. ಅದನ್ನು 3200ರಿಂದ ಭಾಗಿಸಿ 1000ದಿಂದ ಗುಣಿಸಿದರೆ ಸುಮಾರು 244 ವ್ಯಾಟ್. ಈ ಲೆಕ್ಕಕ್ಕೆ ಏಳನೇ ಕ್ಲಾಸು ಸಾಕು.

ಯುಪಿಎಸ್ಸಿನ ಡಬ್ಬಿಯ ಮೇಲೆ ದೊಡ್ಡದಾಗಿ ವಿಎ ಅಂತ ಬರೆದಿರುತ್ತಾರೆ. ವಿಎ ಅಂದರೆ ಸಿಪ್ಪೆ ಸಮೇತ ಶೇಂಗಾ, ವ್ಯಾಟ್ ಅಂದರೆ ಒಳಗಿನ ಬೀಜ. ನಾವು ನೋಡಬೇಕಾದ್ದು ಬೀಜವನ್ನು. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಹೊರುತ್ತದೆ, 1000 ವಿಎ ಆದರೆ 600 ವ್ಯಾಟ್. ನಮ್ಮ 244ಕ್ಕೆ 360 ಆಗುತ್ತಿತ್ತು. ಆದರೂ ಎತ್ತಿಗೆ ಹೊರಲಾರದಷ್ಟು ಹೇರಬಾರದು ಅಂತ 1000 ವಿಎಯದೇ ತಂದೆವು. ಆರು ಸಾವಿರ ಚಿಲ್ಲರೆ ಬಿತ್ತು. ಬರೀ ಟೈಪಿಂಗ್, ಜೆರಾಕ್ಸ್ ಅಂಗಡಿಯ ಅರ್ಜಿ ಕೆಲಸದಂಥ ಸಾಮಾನ್ಯ ಕಂಪ್ಯೂಟರಿಗೆ 600 ವಿಎ ಸಾಕು.

ಎಷ್ಟು ಹೊತ್ತು ಬರುತ್ತೆ?

ನಮ್ಮ ಯುಪಿಎಸ್ಸಿನೊಳಗೆ 12 ವೋಲ್ಟಿನ 7 ಎಎಚ್ ಬ್ಯಾಟರಿ ಎರಡಿವೆ. 12 ಗುಣಿಸು 7, ಎರಡಕ್ಕೆ ಸೇರಿ 168 ವ್ಯಾಟ್-ಗಂಟೆ. ಕಾಗದದ ಲೆಕ್ಕದಲ್ಲಿ 244 ವ್ಯಾಟಿಗೆ 40 ನಿಮಿಷ ಬರಬೇಕು. ನಾವು ಪ್ಲಗ್ ಕಿತ್ತು ಅಳೆದಾಗ ಬಂದದ್ದು 17 ನಿಮಿಷ. ಸಣ್ಣ ಬ್ಯಾಟರಿಯಿಂದ ಜೋರಾಗಿ ಎಳೆದರೆ ಅದು ತನ್ನ ಪೂರ್ತಿ ಕೊಡುವುದಿಲ್ಲ. ಅಂಗಡಿಯವರು ಗಂಟೆ ಬರುತ್ತೆ ಅಂದರೆ ನಂಬಬೇಡಿ.

ದೊಡ್ಡ ಬ್ಯಾಟರಿಯ ಲೆಕ್ಕ: 12 ಗುಣಿಸು 150, ಅಂದರೆ 1800. ಬ್ಯಾಟರಿಯನ್ನು ತಳ ಕಾಣುವ ತನಕ ಬಳಸಿದರೆ ಅದರ ಆಯಸ್ಸು ಕಡಿಮೆ. ನೂರಕ್ಕೆ ಎಂಬತ್ತು ಬಳಸಿದರೆ 1440. ಇನ್ವರ್ಟರ್ ಮಧ್ಯದಲ್ಲಿ ತಿನ್ನೋದನ್ನು ಕಳೆದರೆ ಸುಮಾರು 1150. ಕಂಪ್ಯೂಟರ್ ಜೊತೆಗೆ ಒಂದು ಫ್ಯಾನು, ಒಂದು ಬಲ್ಬು ಅಂತ 300 ವ್ಯಾಟ್ ಹಿಡಿದರೆ ಹೆಚ್ಚು ಕಡಿಮೆ ಮೂರೂಮುಕ್ಕಾಲು ಗಂಟೆ. ಇದು ಹೊಸ ಬ್ಯಾಟರಿಯ ಮಾತು. ಹಳೆಯದಾದಂತೆ ಇಳಿಯುತ್ತದೆ. ಖಾಲಿಯಾದದ್ದು ತುಂಬಲು ಹತ್ತು ಹನ್ನೆರಡು ಗಂಟೆ ಬೇಕು. ಎರಡು ರಾತ್ರಿ ಒಂದರ ಹಿಂದೆ ಒಂದು ದೊಡ್ಡ ಕಡಿತ ಬಂದರೆ ಎರಡನೇ ರಾತ್ರಿಗೆ ಅರ್ಧ ತೊಟ್ಟಿಯೇ ಗತಿ.

ಅಂದರೆ ಒಂಬತ್ತು ಗಂಟೆಯ ಕೆಲಸವನ್ನು ಪೂರ್ತಿ ಬ್ಯಾಟರಿಯ ಮೇಲೆ ಮಾಡಿಸುವ ಆಸೆ ಇಟ್ಟುಕೊಳ್ಳಬಾರದು. ಬ್ಯಾಟರಿ ಇರೋದು ಸಂದು ದಾಟಿಸಲಿಕ್ಕೆ.

ಬ್ಯಾಟರಿಯೂ ಮುಗಿದರೆ?

ಇದಕ್ಕೆ ಎರಡು ದಾರಿ ಮಾಡಿಕೊಂಡಿದ್ದೇವೆ.

ಒಂದು: ಕೆಲವು ಯುಪಿಎಸ್‌ಗಳ ಹಿಂದೆ ಯುಎಸ್‌ಬಿ ತೂತು ಇರುತ್ತೆ. ಕೊಳ್ಳುವಾಗ ಇದು ಇದೆಯಾ ಅಂತ ಕೇಳಿ. ಅದರಿಂದ ಕಂಪ್ಯೂಟರಿಗೆ ಒಂದು ವೈರು ಕೊಟ್ಟರೆ ಬ್ಯಾಟರಿ ಎಷ್ಟು ಉಳಿದಿದೆ ಅಂತ ಕಂಪ್ಯೂಟರಿಗೇ ತಿಳಿಯುತ್ತದೆ. ಇಷ್ಟಕ್ಕೆ ಇಳಿದಾಗ ಹೈಬರ್ನೇಟ್ ಆಗು ಅಂತ ಮೊದಲೇ ಹೇಳಿಡಬಹುದು. ಹೈಬರ್ನೇಟ್ ಅಂದರೆ ಮಾಡುತ್ತಿದ್ದ ಕೆಲಸವನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ತಾನಾಗಿ ಮಲಗುವುದು. ಕರೆಂಟು ಬಂದ ಮೇಲೆ ಎಬ್ಬಿಸಿದರೆ ಬಿಟ್ಟ ಜಾಗದಿಂದ ಎದ್ದು ಕೂರುತ್ತೆ. ಮನೆಯವರು ಮಲಗಿದ್ದರೂ ಡಿಸ್ಕು ಕೆಡುವುದಿಲ್ಲ.

ಎರಡು: ಇದು ನನ್ನ ಹೊಲದಿಂದ ಹೋದ ಬುದ್ಧಿ. ‘ಒಂದೇ ಮಳೆ ನಂಬಿ ಹೊಲಾನೆಲ್ಲ ಒಂದೇ ಬೆಳೆ ಬಿತ್ತಲ್ಲ ನಾವು. ಶೇಂಗಾ ಹೋದ್ರೂ ತೊಗರಿ ಬರಲಿ ಅಂತ ಅಕ್ಕಡಿ ಹಾಕ್ತೀವಿ. ನಿನ್ನ ಕೆಲಸಾನೂ ತುಂಡು ತುಂಡು ಮಾಡಾಕಾಗಲ್ವಾ?’ ಅಂತ ಕೇಳಿದೆ. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಗುತ್ತಪ್ಪಾ’ ಅಂದ. ಈಗ ಮೂರು ಗಂಟೆಯ ಮದುವೆಯನ್ನು ಒಂದೇ ಸಲ ಬೇಯಿಸುವುದಿಲ್ಲ. ಹದಿನೈದು ಹದಿನೈದು ನಿಮಿಷದ ಹನ್ನೆರಡು ಫೈಲು ಮಾಡಿ, ಕೊನೆಯಲ್ಲಿ ಜೋಡಿಸುತ್ತಾನೆ. ಜೋಡಿಸುವ ಕೆಲಸಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ನಡುವೆ ಏನೇ ಆದರೂ ಹೋಗುವುದು ಒಂದು ತುಂಡು.

ಇದರ ಜೊತೆಗೆ ಒಂದು ಕಟ್ಟುಪಾಡು. ಸ್ಟುಡಿಯೋದಿಂದ ಬಂದದ್ದನ್ನು ಮೊದಲ ದಿನವೇ ಇನ್ನೊಂದು ಡಿಸ್ಕಿಗೆ ನಕಲು ಮಾಡಬೇಕು. ಮದುವೆಯವರ ಕೈಗೆ ಸೇರುವ ತನಕ ಯಾವುದನ್ನೂ ಅಳಿಸಬಾರದು. ಬೀಜದ ಶೇಂಗಾವನ್ನು ಎರಡು ಕಡೆ ಇಡುವುದಿಲ್ಲವೇ, ಹಾಗೆ. ಇಷ್ಟು ಮೊದಲೇ ಮಾಡಿದ್ದರೆ ಆ ಅಜ್ಜಿ ಉಳಿಯುತ್ತಿದ್ದರು. ಯಾವ ಬ್ಯಾಟರಿಯೂ ಬೇಕಿರಲಿಲ್ಲ.

ಬ್ಯಾಟರಿಯ ಆರೈಕೆ

* ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರಿನ ನೀರು, ಫಿಲ್ಟರ್ ನೀರು ಬೇಡ. ಆಸಿಡ್ಡನ್ನಂತೂ ನಾವಾಗಿ ಹಾಕಲೇಬಾರದು. ಎರಡು ಮೂರು ತಿಂಗಳಿಗೊಮ್ಮೆ ನೋಡಿ, ಮೇಲಿನ ಗುರುತು ದಾಟದ ಹಾಗೆ ತುಂಬಿ.

* ಬ್ಯಾಟರಿ ಚಾರ್ಜ್ ಆಗುವಾಗ ಹೊತ್ತಿಕೊಳ್ಳುವ ಅನಿಲ ಬಿಡುತ್ತದೆ. ಗಾಳಿಯಾಡುವ ಜಾಗದಲ್ಲಿರಲಿ. ಒಲೆ, ದೇವರ ದೀಪದ ಹತ್ತಿರ ಬೇಡ.

* ಬಿಸಿಲ ಝಳ ಬ್ಯಾಟರಿಗೆ ಶತ್ರು. ಸುತ್ತಲಿನ ಬಿಸಿ ಹತ್ತು ಡಿಗ್ರಿ ಏರಿದರೆ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನುತ್ತಾರೆ ಬಲ್ಲವರು. ನಾವು ಶೀಟಿನ ಕೋಣೆಯಲ್ಲಿದ್ದದ್ದನ್ನು ಮಾಳಿಗೆ ಮನೆಯ ಪಡಸಾಲೆಗೆ ತಂದೆವು.

* ಟರ್ಮಿನಲ್ಲಿಗೆ ಬಿಳಿ ಪುಡಿ ಕಟ್ಟಿದರೆ ಒರೆಸಿ, ಬಿಗಿ ಮಾಡಿ, ವ್ಯಾಸಲೀನ್ ಸವರಿ.

* ಯುಪಿಎಸ್ಸಿನೊಳಗಿನ ಸಣ್ಣ ಬ್ಯಾಟರಿಗೆ ನೀರು ಹಾಕುವಂತಿಲ್ಲ. ಎರಡು ಮೂರು ವರ್ಷಕ್ಕೆ ಸೋಲುತ್ತದೆ. ಯುಪಿಎಸ್ಸನ್ನೇ ಎಸೆಯಬೇಡಿ, ಬ್ಯಾಟರಿ ಮಾತ್ರ ಬದಲಿಸಬಹುದು. ಹಳೆಯದನ್ನು ತಿಪ್ಪೆಗೆ ಹಾಕಬೇಡಿ, ಒಳಗಿರುವುದು ಸೀಸ. ಅಂಗಡಿಯವರಿಗೇ ವಾಪಸ್ ಕೊಡಿ.

* ಯುಪಿಎಸ್ಸಿಗೆ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಲೇಸರ್ ಪ್ರಿಂಟರ್ ಹಾಕಬಾರದು.

* ಅರ್ಥಿಂಗ್ ಸರಿಯಿರಲಿ. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ವಾರಕ್ಕೊಂದು ಕೊಡ ನೀರು ಹಾಕುತ್ತೇವೆ.

* ಸಿಡಿಲಿಗೆ ಯುಪಿಎಸ್ ಅಡ್ಡ ನಿಲ್ಲುವುದಿಲ್ಲ. ಗುಡುಗು ದೂರ ಇರುವಾಗಲೇ ಗೋಡೆಯ ಪ್ಲಗ್ ಕಿತ್ತುಬಿಡಿ. ಬ್ಯಾಟರಿಯ ಮೇಲೆ ಹದಿನೈದು ನಿಮಿಷ ಇದೆಯಲ್ಲ, ಅಷ್ಟರಲ್ಲಿ ಕೆಲಸ ಸೇವ್ ಮಾಡಿ ಆಫ್ ಮಾಡಬಹುದು.

ತಿಂಗಳಿಗೊಮ್ಮೆ, ಮುಖ್ಯ ಕೆಲಸ ಇಲ್ಲದ ದಿನ, ಕಂಪ್ಯೂಟರ್ ಓಡುವಾಗಲೇ ಪ್ಲಗ್ ಕಿತ್ತು ನೋಡಿ. ಎಷ್ಟು ನಿಮಿಷ ಬಂತು ಬರೆದಿಡಿ. ನಮ್ಮದು 17ರಿಂದ ಶುರುವಾಗಿ ಈಗ 11ಕ್ಕೆ ಬಂದಿದೆ. 8ಕ್ಕೆ ಇಳಿದರೆ ಹೊಸ ಬ್ಯಾಟರಿ ಅಂತ ತೀರ್ಮಾನ. ಹಗ್ಗ ಗಟ್ಟಿ ಇದೆಯಾ ಅಂತ ಬಾವಿಗೆ ಇಳಿಯುವ ಮೊದಲೇ ಎಳೆದು ನೋಡಬೇಕು.

ಆಮೇಲೆ ಏನಾಯಿತು?

2023ರ ದೀಪಾವಳಿಗೆ ಇಷ್ಟೂ ಸಿದ್ಧವಾಯಿತು. ಅಲ್ಲಿಂದ ಈಚೆಗೆ ಕರೆಂಟು ಮಿಣುಕಿದ್ದಕ್ಕೆ ಒಂದು ಕೆಲಸವೂ ಹಾಳಾಗಿಲ್ಲ. ಒಮ್ಮೆ ಮಾತ್ರ ಗಾಳಿಗೆ ಕಂಬ ಬಿದ್ದು ರಾತ್ರಿಯಿಂದ ಮರುದಿನ ಮಧ್ಯಾಹ್ನದ ತನಕ ಕರೆಂಟಿಲ್ಲ. ತೊಟ್ಟಿಯೂ ಮುಗಿಯಿತು, ಬಿಂದಿಗೆಯೂ ಮುಗಿಯುತ್ತಾ ಬಂತು. ನಾವೆಲ್ಲ ನಿದ್ದೆಯಲ್ಲಿದ್ದೆವು. ಕಂಪ್ಯೂಟರ್ ತಾನೇ ಬರೆದಿಟ್ಟು ಮಲಗಿತ್ತು. ಎಬ್ಬಿಸಿದಾಗ ನಡುವಿನ ಒಂದು ತುಂಡು ಮಾತ್ರ ಸರಿ ಬರಲಿಲ್ಲ. ಅದನ್ನು ಮತ್ತೆ ಮಾಡಲು ಮುಕ್ಕಾಲು ಗಂಟೆ ಹಿಡಿಯಿತು. ಮೊದಲಾಗಿದ್ದರೆ ಇಡೀ ರಾತ್ರಿ ದಂಡ.

ಕಳೆದುಕೊಂಡದ್ದು: ಡಿಸ್ಕಿಗೆ 11 ಸಾವಿರ, ಮೂರು ರಾತ್ರಿ, ಒಂದು ಮನೆಯವರ ನೆನಪು. ಖರ್ಚು ಮಾಡಿದ್ದು: ಯುಪಿಎಸ್ಸಿಗೆ ಆರು ಸಾವಿರ ಚಿಲ್ಲರೆ, ಇನ್ನೊಂದು ಡಿಸ್ಕಿಗೆ ನಾಲ್ಕು ಸಾವಿರ. ಮೊದಲೇ ಖರ್ಚು ಮಾಡಿದ್ದರೆ ಕಳೆದುಕೊಳ್ಳುವುದು ತಪ್ಪುತ್ತಿತ್ತು. ಸಿಗದೇ ಹೋದ ಅಜ್ಜಿಯ ಅಕ್ಷತೆಗೆ ಮಾತ್ರ ಇವತ್ತಿಗೂ ನಮ್ಮಲ್ಲಿ ಉತ್ತರವಿಲ್ಲ. ಆ ತಂದೆ ಸಂತೆಯಲ್ಲಿ ಸಿಕ್ಕಾಗ ಮಾತಾಡಿಸುತ್ತಾರೆ, ನಾನೇ ತಲೆ ತಗ್ಗಿಸುತ್ತೇನೆ.

ಈಗ ಹಳ್ಳಿಗಳಲ್ಲೂ ಕಂಪ್ಯೂಟರ್ ಬಂದಿದೆ. ಹಾಲಿನ ಡೈರಿಯಲ್ಲಿದೆ, ಗ್ರಾಮ ಒನ್ ಕೇಂದ್ರದಲ್ಲಿದೆ, ಮನೆಯಲ್ಲೇ ಕೂತು ಕಂಪನಿ ಕೆಲಸ ಮಾಡುವ ಮಕ್ಕಳಿದ್ದಾರೆ. ನಿಮ್ಮ ಮಗನೋ ಮಗಳೋ ಊರಲ್ಲಿ ನಿಂತು ಇಂಥ ಕೆಲಸಕ್ಕೆ ಕೈ ಹಾಕಿದ್ದರೆ, ಕರೆಂಟಿನ ಮೇಲೆ ಸಿಟ್ಟು ಮಾಡಿಕೊಂಡು ಅವರು ಪಟ್ಟಣದ ಬಸ್ಸು ಹತ್ತುವ ಮೊದಲು ಒಂದು ಕೆಲಸ ಮಾಡಿ. ಟಾರ್ಚು ಹಿಡಿದು ಇನ್ವರ್ಟರಿನ ಹಿಂದೆ ಬಗ್ಗಿ, ಆ ಸಣ್ಣ ಸ್ವಿಚ್ಚು ಯಾವ ಕಡೆ ಇದೆ ಅಂತ ನೋಡಿ. ಅಲ್ಲಿಂದ ಶುರು ಮಾಡಿ.